ಒಂದು ಎಂಜಿನ್, ಎರಡು ಬಾಲ

13 ಜನವರಿ 2008, ಭಾನುವಾರ

ಟೂಲ್ಸ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ವರ್ಷ ನಾನು ತಂದು ಕೊಡುತ್ತಿದ್ದೆ, ಮಗಳು ಬರೆದು ಮುಗಿಸುತ್ತಿದ್ದಳು. ಈ ವರ್ಷ ಕಪಾಟಿನ ಮೇಲೆ ಹಾಗೇ ಬಿದ್ದಿತ್ತು. ಇವತ್ತು ನಡೆದದ್ದನ್ನು ಮರೆವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಹೇಳಲಾಗದ್ದನ್ನು ಕಾಗದಕ್ಕೆ ಹೇಳುತ್ತಿದ್ದೇನೆ.

ಬೆಳಿಗ್ಗೆ ಅವಳು ಸಂತೆಗೆ ಹೋಗಿದ್ದಾಗ ಒಬ್ಬ ಹುಡುಗ ಬಂದ. ಕೈಯಲ್ಲಿ ಹೆಲ್ಮೆಟ್ಟು, ಕೊರಳಲ್ಲಿ ಕಂಪನಿಯ ಪಟ್ಟಿ.

"ಕೊಟ್ರಪ್ಪ ಸಾರ್ ಮನೆ ಇದೇನಾ?"

"ಹೌದ್ರಿ, ನಾನೇ."

ಅವನು ಹೆಲ್ಮೆಟ್ಟು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ. "ಸಾರ್! ನಾನು ಸಿದ್ದಾರ್ಥ್. ಗ್ರೂಪಲ್ಲಿ ಸಿಡ್ ಅಂತ ಬರೀತೀನಲ್ಲ, ಅವನೇ. ಎಷ್ಟು ಟೆನ್ಷನ್ ಕೊಟ್ಬಿಟ್ರಿ! ನವೆಂಬರ್‌ನಿಂದ ಒಂದು ಮೇಲ್ ಇಲ್ಲ. ನರಸಿಂಹಯ್ಯ ಸಾರ್ ಅಂತೂ 'ಜಗಳ ಆಡಿದ್ದಕ್ಕೆ ಕೋಪ ಮಾಡ್ಕೊಂಡಿದಾರೆ ಕಣೋ' ಅಂತ ಊಟ ಬಿಡೋದೊಂದು ಬಾಕಿ. ಅವರು ಹಿಂದೆ ನಿಮಗೆ ಪುಸ್ತಕ ಕೊರಿಯರ್ ಮಾಡಿದ್ರಲ್ಲ, ಆ ಅಡ್ರೆಸ್ ಹುಡುಕ್ಕೊಂಡು ಬಂದೆ."

ಯಾವ ಗುಂಪು, ಯಾವ ಜಗಳ, ಒಂದೂ ತಿಳಿಯಲಿಲ್ಲ.

"ನೀವು ಇಷ್ಟು ಯಂಗ್ ಇರ್ತೀರಿ ಅಂದ್ಕೊಂಡಿರ್ಲಿಲ್ಲ ಸಾರ್. ಎಪ್ಪತ್ತರ ಮೇಲೆ ಅಂತ ನಾವೆಲ್ಲ ಬೆಟ್ ಕಟ್ಟಿದ್ವಿ."

ಅವನು ಚೀಲದಿಂದ ಒಂದು ದೊಡ್ಡ ಕಪ್ಪುಬಿಳುಪು ಫೋಟೋ ತೆಗೆದು ನನ್ನ ಮುಂದಿಟ್ಟ. ಒಂದು ವಿಮಾನ. "ಅದೇ ಫೋಟೋ ಸಾರ್, ಈ ಕಾಪಿ ನಿಮ್ಮ ಹತ್ರಾನೇ ಇರಲಿ. ನೀವು ಅಕ್ಟೋಬರ್‌ನಲ್ಲಿ 'ಮೆಸೆಂಜರ್ ವಿಮಾನ ಇರಬಹುದು, ಸ್ವಲ್ಪ ಟೈಮ್ ಕೊಡಿ' ಅಂದಿದ್ರಲ್ಲ? ಮಾರ್ಚ್‌ಗೆ ವರ್ಷ ಆಗುತ್ತೆ. ಆಮೇಲೆ ರೂಲ್ ಗೊತ್ತಲ್ಲ. 'ಗುರುತಾಗಲಿಲ್ಲ' ಅಂತ ಹಿಂದೆ ಬರೆದು ಪೆಟ್ಟಿಗೆಗೆ ಹಾಕಿಬಿಡ್ತಾರೆ. ಇದನ್ನ ತೆಗೆದಿದ್ದು ನರಸಿಂಹಯ್ಯ ಸಾರ್ ಅವರ ತಂದೆ. ಅವರ ಕ್ಯಾಮೆರಾದ ಬೇರೆ ಎಲ್ಲ ವಿಮಾನಕ್ಕೂ ಹೆಸರು ಸಿಕ್ಕಿದೆ, ಇದೊಂದೇ ಉಳಿದಿದ್ದು. ನೀವೇ ಹೇಳ್ಬೇಕು ಸಾರ್. ನೀವು ಹೇಳಿದ್ರೆ ಸರಿ ಇರುತ್ತೆ."

ನೀವು ಹೇಳಿದ್ರೆ ಸರಿ ಇರುತ್ತೆ. ನನಗೆ ಯಾರೂ ಹೀಗೆ ಹೇಳಿದ್ದಿಲ್ಲ.

ಹೋಗುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ: "27ಕ್ಕೆ ಮೀಟಿಂಗ್. ಭಾನುವಾರ ಶಿಫ್ಟ್ ಇದೆ ಅಂತ ಈ ಸಲ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಬೈಕಿನ ಸದ್ದು ದೊಡ್ಡನೆಕ್ಕುಂದಿ ಕೆರೆಯ ಕಡೆ ಹೋಗಿ ನಿಂತ ಮೇಲೆ ನನಗೆ ಅರ್ಥವಾಯಿತು. ಈ ಮನೆಯಲ್ಲಿ ವಿಮಾನದ ಹುಚ್ಚು ಇದ್ದದ್ದು ಮಗಳಿಗೆ, ಇವೆಲ್ಲ ಅವಳ ಮಾತು.

ವಿಮಾನ ಇಳಿಯುವ ಸದ್ದು ಬಂತು. ಕಿಟಕಿ ಮುಚ್ಚಿದೆ. ಫೋಟೋವನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.

14 ಜನವರಿ, ಸೋಮವಾರ

ಕೆಲಸ ಮುಗಿಸಿ ಉಮಾಶ್ರೀಯ ಬ್ರೌಸಿಂಗ್ ಸೆಂಟರಿಗೆ ಹೋದೆ. ಅವಳು ನಮ್ಮ ಕಡೆಯವಳು, ಹೊಸಪೇಟೆಯವಳು. ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಾದರೂ ಇಬ್ಬರೂ ಗೆಳತಿಯರಂತೆ ಇದ್ದರು. ನನ್ನನ್ನು ಕಂಡೊಡನೆ ಎದ್ದು ನಿಂತಳು. ನಾನು ಆ ಗುಂಪಿನ ವಿಷಯ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಕೀಲಿಮಣೆಯ ಧೂಳು ಒರೆಸಿದಳು.

"ಅಂಕಲ್, ಬೈಬ್ಯಾಡ್ರಿ. ಹಳೇ ಫೋಟೋದಾಗಿನ ವಿಮಾನ ಯಾವುದು ಅಂತ ಗುರುತು ಹಿಡಿಯೋ ಮೇಲ್ ಗ್ರೂಪ್ ಅದು. ಮೊದಲು ಆಕಿ ತನ್ನ ಹೆಸರಿಲೇ ಬರದಿದ್ಲು. ವಿಮಾನದ ಬಗ್ಗೆ ಬರದ್ರ 'ನಿಮ್ಮ ಫೋಟೋ ಕಳಸ್ರಿ, ಫ್ರೆಂಡ್ ಆಗ್ತೀರೇನು' ಅಂತ ಉತ್ತರ. ಬ್ಯಾಸರಾಗಿ ನಿಮ್ಮ ಹೆಸರು ಹಾಕಿದ್ಲು. ಮರುದಿನದಿಂದ ಎಲ್ಲಾರೂ ಸಾರ್, ಸಾರ್. ನಾವಿಬ್ರೂ ಬಿದ್ದು ಬಿದ್ದು ನಕ್ಕಿದ್ವಿ."

"ಎಷ್ಟು ದಿನದಿಂದ?"

"ಪಿಯುಸಿ ಮೊದಲನೇ ವರ್ಷದಿಂದ. ಮನ್ಯಾಗ ಹೇಳು ಅಂದೆ. 'ಅಪ್ಪಾಜಿಗೆ ಒಂದು ದಿನ ಇದ್ದಕ್ಕಿದ್ದಂಗ ತೋರಸ್ತೀನಿ' ಅಂದ್ಲು."

ಪರದೆಯ ಮೇಲೆ ನನ್ನ ಹೆಸರು ಮೇಲಿಂದ ಕೆಳಗಿನವರೆಗೆ ಸಾಲಾಗಿ ನಿಂತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ಓದಲು ಕಷ್ಟವಾಯಿತು. ಉಮಾಶ್ರೀ ಒಂದನ್ನು ಓದಿದಳು: "ಸಿಡ್, ಅವಸರ ಮಾಡಬೇಡ. ಮೊದಲು ಚಕ್ರ ನೋಡು, ಆಮೇಲೆ ಕಿಟಕಿ ನೋಡು, ಹೆಸರು ಕೊನೆಗೆ." ಮುದುಕರ ಹಾಗೆ ಬರೆದಿದ್ದಾಳೆ. ನನಗೆ ನಗು ಬಂತು. ಮತ್ತೊಮ್ಮೆ ಓದಿಸಿದೆ.

"ಭಾಗ್ಯ ಹೋದ್ಲು ಅಂತ ನಾನ ಬರದುಬಿಡ್ಲೇನು ಅಂಕಲ್?"

ಬೇಡ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ನನಗೂ ಸರಿಯಾಗಿ ಗೊತ್ತಿಲ್ಲ. ಊರಲ್ಲಿ, ಕಾಲೇಜಿನಲ್ಲಿ, ಓಣಿಯಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಅವಳು ಇನ್ನೂ ಬದುಕಿರುವುದು ಅಲ್ಲೊಂದೇ ಕಡೆ. ಅಲ್ಲಿಯೂ ನಾನೇ ಹೋಗಿ ಮುಗಿಸಿ ಬರಬೇಕೇ?

"ಬರ್ತೀನಿ ಅಂತ ಬರಿ" ಅಂದೆ. ಅವಳು ಬರೆದಳು. ಒಂದು ಗುಂಡಿ ಒತ್ತಿದಳು. ಅಷ್ಟೇ.

17 ಜನವರಿ

ಲೇತಿನಲ್ಲಿ ಕಡೆದ ಎರಡು ಬುಷ್ ಅಳತೆ ತಪ್ಪಿ ಗುಜರಿಗೆ ಹೋದವು. ಮೇಸ್ತ್ರಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

20 ಜನವರಿ, ಭಾನುವಾರ

ಮರೆವ್ವ ಇಲ್ಲದ ಹೊತ್ತಿನಲ್ಲಿ ಫೋಟೋ ತೆಗೆದು ನೋಡುತ್ತೇನೆ. ಎಡಗಡೆ ಚೂಪಾದ ಮೂಗು, ಒಂದು ಪಂಖ, ಚಕ್ರಗಳಿಗೆ ಬೂಟು ಹಾಕಿದಂತೆ ತಗಡಿನ ಕವಚ. ನಡುವೆ ಟಾರ್ಪಾಲು ಹೊದಿಸಿದ ಲಾರಿ ಅಡ್ಡ ನಿಂತಿದೆ, ಟಾರ್ಪಾಲಿನ ಮೇಲೆ ಕಂಬದಂಥ ಚೂಪು ತುದಿ. ಲಾರಿಯ ಬಲಗಡೆ ಬಾಲ ಹೊರಗೆ ಬಂದಿದೆ. ಬಾಲದ ಎರಡೂ ತುದಿಗೆ ದುಂಡನೆಯ ಹಲಗೆ ನಿಂತಿದೆ. ಇಷ್ಟೇ ನನಗೆ ಕಾಣುವುದು. ಇದರಲ್ಲಿ ಮಗಳು ಏನು ಕಂಡಳು, ಮೆಸೆಂಜರ್ ಅಂತ ಯಾಕೆ ಅಂದಳು, ಯಾಕೆ ಸಮಯ ಕೇಳಿದಳು?

ಸಿದ್ದಾರ್ಥ್ ದಿನಾ ಬರೆಯುತ್ತಾನಂತೆ. ಸಾರ್ ಬರ್ತಾರೆ, ಈ ಸಲ ಹೆಸರು ಹೇಳೇ ಹೇಳ್ತಾರೆ ಅಂತ. ಲೇತಿನ ಮುಂದೆ ನಿಂತರೂ 27 ಅನ್ನುವುದೇ ಕಣ್ಣಮುಂದೆ.

ಉಮಾಶ್ರೀ ಇಂಟರ್ನೆಟ್ಟಿನಲ್ಲಿ ಒಂದು ಎಂಜಿನ್, ಎರಡು ಬಾಲ ಅಂತ ಇಂಗ್ಲಿಷಿನಲ್ಲಿ ಬರೆದು ಹುಡುಕಿದಳು. ಒಂದು ಸಿಕ್ಕಿತು. ಎರ್ಕೂಪ್. ಅಮೆರಿಕದ್ದು. ಒಂದೇ ಎಂಜಿನ್, ಎರಡು ದುಂಡನೆಯ ಹಲಗೆ. "ಇದ ಅಂಕಲ್, ಸಿಕ್ಕೇಬಿಡ್ತು!" ಅಂತ ಚಪ್ಪಾಳೆ ತಟ್ಟಿದಳು. ಪ್ರಿಂಟು ಹಾಕಿಕೊಟ್ಟಳು.

ಎರ್ಕೂಪ್. ಎರ್ಕೂಪ್. ಬಾಯಿಪಾಠ ಮಾಡುತ್ತಿದ್ದೇನೆ.

27 ಜನವರಿ, ಭಾನುವಾರ

ಹೋಗಬಾರದಿತ್ತು.

ಮರೆವ್ವನಿಗೆ ಓವರ್‌ಟೈಮ್ ಅಂತ ಹೇಳಿ ಹೊರಟೆ. ನರಸಿಂಹಯ್ಯನವರ ಮನೆ ಕಾಡುಗೋಡಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಹಳೆಯ ಹೆಂಚಿನ ಮನೆ, ಸುತ್ತ ನಾಲ್ಕು ಮಹಡಿಯ ಬಾಡಿಗೆ ಕಟ್ಟಡಗಳು. ಬ್ಯಾಂಕಿನಲ್ಲಿದ್ದು ರಿಟೈರಾದವರು. ನನಗಿಂತ ಇಪ್ಪತ್ತೈದು ವರ್ಷವಾದರೂ ದೊಡ್ಡವರು, ಗೇಟಿನವರೆಗೆ ಬಂದು ಕೈ ಮುಗಿದರು.

"ಬನ್ನಿ ಕೊಟ್ರಪ್ಪನವರೇ, ಬನ್ನಿ. ಆವತ್ತು ಹಾಗೆ ಬರೀಬಾರದಿತ್ತು ನಾನು. 'ನಿಮಗೇನ್ರೀ ಗೊತ್ತು, ಲೇತ್ ತಿರುಗಿಸೋರಿಗೆ' ಅಂದುಬಿಟ್ಟೆ. ನೀವು ಒಂದು ಮಾತೂ ತಿರುಗಿ ಅನ್ನಲಿಲ್ಲ ನೋಡಿ, ಅದೇ ಚುಚ್ಚುತ್ತೆ."

ಒಳಗೆ ಮೇಜಿನ ಮೇಲೆ ತಗಡಿನ ಪೆಟ್ಟಿಗೆ. ಅದರ ತುಂಬ ಫೋಟೋಗಳು. ಯಾವುದನ್ನು ಯಾರು ಗುರುತು ಹಿಡಿದರು ಅಂತ ಹಿಂಬದಿಗೆ ಬರೆದಿಡುತ್ತಾರೆ. ತಪ್ಪು ಹೇಳಿದವರದ್ದೂ ಬರೆಯುತ್ತಾರೆ, ಆ ತಪ್ಪಿನ ಮೇಲೊಂದು ಗೆರೆ ಎಳೆದು. ಮುಂದಿನವರು ಅದೇ ದಾರಿಯಲ್ಲಿ ಹೋಗಿ ಸುಸ್ತಾಗಬಾರದು ಅಂತ. ಎಷ್ಟೋ ಫೋಟೋಗಳ ಹಿಂದೆ ನನ್ನ ಹೆಸರಿತ್ತು. ನಾನು ಎಂದೂ ಬರೆಯದ ನನ್ನ ಹೆಸರು.

ಸಿದ್ದಾರ್ಥ್ ಅಲ್ಲದೆ ಇನ್ನಿಬ್ಬರು ಇದ್ದರು. ಎಲ್ಲರೂ ಸುತ್ತ ಕುಳಿತರು. ನನ್ನ ಬಾಯಿಯನ್ನೇ ನೋಡಿದರು.

"ಎರ್ಕೂಪ್" ಅಂದೆ.

ಸಿದ್ದಾರ್ಥ್ ಮೆಲ್ಲಗೆ ನಕ್ಕ. "ಸಾರ್ ನಮ್ಮನ್ನ ಟೆಸ್ಟ್ ಮಾಡ್ತಿದಾರೆ."

"ಇಲ್ಲ. ಎರ್ಕೂಪ್. ಒಂದು ಎಂಜಿನ್, ಎರಡು..."

"ಸಾರ್, ಎರ್ಕೂಪ್ ಅಲ್ಲವೇ ಅಲ್ಲ ಅಂತ ಮೊದಲನೇ ವಾರನೇ ನೀವೇ ಬರೆದಿದ್ರಲ್ಲ? ಎರ್ಕೂಪಿಗೆ ಮೂಗಿನ ಕೆಳಗೆ ಚಕ್ರ ಇರುತ್ತೆ, ಇದಕ್ಕಿಲ್ಲ. 'ಮೊದಲು ಚಕ್ರ ನೋಡು' ಅಂತ ನನಗೇ ಬೈದಿದ್ರಿ ಸಾರ್."

ಫೋಟೋ ನೋಡಿದೆ. ಹೌದು, ಮೂಗಿನ ಕೆಳಗೆ ಏನೂ ಇಲ್ಲ. ಹದಿನೈದು ದಿನ ನೋಡಿದ್ದೇನೆ, ಅಲ್ಲಿ ಏನಿಲ್ಲ ಅನ್ನುವುದನ್ನು ನೋಡಿಲ್ಲ.

"ಮರೆತೆ" ಅಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರಸಿಂಹಯ್ಯನವರು ನನ್ನ ಭುಜದ ಮೇಲೆ ಕೈಯಿಟ್ಟರು. "ಹುಷಾರಿಲ್ಲವೇನೋ ಪಾಪ. ಕಾಫಿ ಕುಡೀರಿ ಮೊದಲು." ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ನಾನು ಪೆದ್ದನಾದದ್ದಕ್ಕೆ ಅಲ್ಲ ಸಂಕಟ. ಅವರ ಕಣ್ಣಲ್ಲಿ ಅವಳು ಪೆದ್ದಿಯಾದಳು.

28 ಜನವರಿ

ಕೆಲಸಕ್ಕೆ ಹೋಗಲಿಲ್ಲ.

3 ಫೆಬ್ರವರಿ, ಭಾನುವಾರ

ನರಸಿಂಹಯ್ಯನವರ ಫೋನು. "ನೋಡಿ, ನಮ್ಮ ವಯಸ್ಸಲ್ಲಿ ಮರೆವು ಸಹಜ. ನಿಮಗಿನ್ನೂ ಅಷ್ಟು ಆಗಿಲ್ಲ, ಆದ್ರೂ ಒಂದ್ಸಲ ಡಾಕ್ಟ್ರಿಗೆ ತೋರಿಸಿ. ನಂಗೆ ಗೊತ್ತಿರೋರು ಇದಾರೆ, ಕರ್ಕೊಂಡು ಹೋಗ್ತೀನಿ." ನಾನು ಹೂಂ ಅಂದೆ. ಆ ಒಳ್ಳೆಯ ಮನುಷ್ಯ ನನ್ನ ತಲೆ ಕೆಟ್ಟಿದೆ ಅಂತ ಚಿಂತೆ ಮಾಡುತ್ತ ಕೂತಿದ್ದಾರೆ. ಸುಳ್ಳು ಒಂದರಿಂದ ಒಂದು ಮರಿ ಹಾಕುತ್ತಿದೆ.

ಸಾಯಂಕಾಲ ಕೆರೆಯ ಏರಿಯ ಮೇಲೆ ನಿಂತಿದ್ದೆ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ದೊಡ್ಡದಕ್ಕೂ ಚಿಕ್ಕದಕ್ಕೂ ಮೂಗಿನ ಕೆಳಗೆ ಚಕ್ರ ಇದೆ. ಕತ್ತಲಾಗುವವರೆಗೆ ನೋಡಿದೆ. ಒಂದಕ್ಕೂ ಇಲ್ಲದ್ದು ಸಿಗಲಿಲ್ಲ.

10 ಫೆಬ್ರವರಿ, ಭಾನುವಾರ

ಮರೆವ್ವ ಹಾಸಿಗೆ ಬಿಸಿಲಿಗೆ ಹಾಕಲು ಎತ್ತಿದಳು. ಫೋಟೋ ಸಿಕ್ಕಿತು. ಎರ್ಕೂಪಿನ ಪ್ರಿಂಟೂ ಸಿಕ್ಕಿತು.

"ಏನಿದು?"

ಎಲ್ಲ ಹೇಳಿದೆ. ಓವರ್‌ಟೈಮ್ ಸುಳ್ಳು ಅಂತಲೂ ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ನಡುವೆ ಒಂದು ಸಲ, ನಾನು ಎರ್ಕೂಪ್ ಅಂದದ್ದು ಹೇಳಿದಾಗ, ತುಟಿ ಕಚ್ಚಿ ನಗು ತಡೆದಳು.

"ಕೊಟ್ರಪ್ಪ ಸಾರ್! ಓಣ್ಯಾಗ ನಿಂತ ಹತ್ತು ಗಾಡ್ಯಾಗ ನಿನ್ನ ಸೈಕಲ್ಲು ಯಾವುದು ಅಂತ ಹುಡುಕಾಕ ಬರಂಗಿಲ್ಲ ನಿನಗ. ಹೋಗಿ ವಿಮಾನದ ಹೆಸರು ಹೇಳಿ ಬಂದ್ಯಾ?"

ನವೆಂಬರಿನಿಂದ ಅವಳು ನಕ್ಕಿರಲಿಲ್ಲ. ಆಮೇಲೆ ಫೋಟೋ ಹಿಡಿದುಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆಯಲಿಲ್ಲ. ನಾನೇ ಹೋಗಿ ಕೂತೆ. ತಟ್ಟೆಗೆ ರೊಟ್ಟಿ ಹಾಕಿದಳು.

11 ಫೆಬ್ರವರಿ, ಸೋಮವಾರ

ಬೆಳಿಗ್ಗೆ ಡಬ್ಬಿ ಕಟ್ಟುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಆ ಪೆಟಿಗ್ಯಾಗ ಆಕಿ ಹೆಸರು ಎಲ್ಲೈತಿ?"

"ನನ್ನ ಹೆಸರಿಲೇ ಬರದಾಳ ಅಂದೆನಲ್ಲ."

"ಅದನ್ನ ಕೇಳಾಕತ್ತೀನಿ. ಆಕಿ ಹೆಸರು ಎಲ್ಲೈತಿ?"

ನಾನು ಚಪ್ಪಲಿ ಹಾಕಿಕೊಳ್ಳತೊಡಗಿದೆ.

"ಅಲ್ಲಿ ಆಕಿ ಬದುಕ್ಯಾಳ ಅಂತಿ. ಯಾರು ಬದುಕ್ಯಾರ ಅಲ್ಲಿ? ನೀನು ಬದುಕೀದಿ. ಗೇಟಿನ ತನಕ ಬಂದು ಕೈ ಮುಗದದ್ದು ನಿನಗ. ಕಾಫಿ ಕೊಟ್ಟಿದ್ದು ನಿನಗ. ರಾತ್ರಿ ಕಣ್ಣು ಕೆಂಪು ಮಾಡ್ಕೊಂಡು ಓದಿದಾಕಿ ಆಕಿ. ಆಕಿ ಹುಟ್ಟೇ ಇಲ್ಲ ನೋಡು ಅವರ ಲೆಕ್ಕದಾಗ."

ಡಬ್ಬಿ ಅಲ್ಲೇ ಬಿಟ್ಟು ಹೋದೆ. ಮಧ್ಯಾಹ್ನ ಅವಳೇ ವರ್ಕ್‌ಶಾಪಿನ ಗೇಟಿಗೆ ತಂದುಕೊಟ್ಟಳು. "ಉಂಡು ಸಿಟ್ಟು ಮಾಡ್ಕ" ಅಂದಳು. ಸಿಟ್ಟು ಬಂದಿರಲಿಲ್ಲ. ಇಷ್ಟು ದಿನ ನಾನು ಯಾರನ್ನು ಕಾಯುತ್ತಿದ್ದೆ ಅಂತ ಯೋಚಿಸುತ್ತಿದ್ದೆ.

19 ಫೆಬ್ರವರಿ

24ಕ್ಕೆ ಮತ್ತೆ ಸೇರುತ್ತಾರೆ. ಆ ಫೋಟೋವನ್ನು ಪೆಟ್ಟಿಗೆಗೆ ಹಾಕುವ ಮೊದಲು ಕೊನೆಯ ಸಲ. ಹೇಳಬೇಕು. ಹೇಗೆ ಶುರು ಮಾಡುವುದು? ನಿಂತು ಹೇಳುವುದೋ, ಕೂತು ಹೇಳುವುದೋ? ಮೂರು ವರ್ಷ ಮೋಸ ಮಾಡಿದಿರಿ ಅಂದರೆ? ಅವಳನ್ನು ಬೈದರೆ? ನನ್ನನ್ನು ಬೈಯಲಿ, ತಡೆದುಕೊಳ್ಳುತ್ತೇನೆ. ಅವಳ ಬಗ್ಗೆ ಒಂದು ಮಾತು ಬಂದರೂ ಏನು ಮಾಡುತ್ತೇನೋ ನನಗೇ ಭಯ.

ಇವತ್ತಿನ ಬುಷ್‌ಗಳು ಎಲ್ಲ ಪಾಸಾದವು. ಮೇಸ್ತ್ರಿ ಎರಡು ಸಲ ಅಳೆದ.

23 ಫೆಬ್ರವರಿ, ಶನಿವಾರ

"ನಾನೂ ಬರ್ತೀನಿ" ಅಂದಳು ಮರೆವ್ವ. ಬೇಡ ಅಂದೆ. "ನಿನ್ನೊಬ್ಬನ್ನ ಕಳಿಸಿದ್ರ ಮತ್ತ ಯಾವುದಾರ ವಿಮಾನದ ಹೆಸರು ಹೇಳಿ ಬರ್ತಿ" ಅಂದಳು. ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದಾಳೆ.

25 ಫೆಬ್ರವರಿ, ಸೋಮವಾರ

ನಿನ್ನೆಯದನ್ನು ನಿನ್ನೆಯೇ ಬರೆಯಲು ಆಗಲಿಲ್ಲ. ರಜೆ ಹಾಕಿ ಕೂತು ಬರೆಯುತ್ತಿದ್ದೇನೆ.

ನರಸಿಂಹಯ್ಯನವರು ಮತ್ತೆ ಗೇಟಿಗೆ ಬಂದರು. ಮರೆವ್ವನನ್ನು ಕಂಡು "ಅಮ್ಮ, ನೀವೂ ಬಂದ್ರಲ್ಲ, ಸಂತೋಷ. ಡಾಕ್ಟ್ರಿಗೆ ತೋರಿಸಿದ್ರಾ ಇವರನ್ನ?" ಅಂದರು. ಮರೆವ್ವ ನನ್ನ ಕಡೆ ನೋಡಿದಳು.

ಮೇಜಿನ ಮೇಲೆ ಫೋಟೋ ಇತ್ತು. ಪಕ್ಕದಲ್ಲಿ ಪೆನ್ನು. ಸಿದ್ದಾರ್ಥ್ ಕುರ್ಚಿ ಎಳೆದುಕೊಟ್ಟ. ನಾನು ಕೂರಲಿಲ್ಲ. ಯೋಚಿಸಿಕೊಂಡು ಹೋದ ಮಾತು ಒಂದೂ ಬರಲಿಲ್ಲ.

"ಕೊಟ್ರಪ್ಪ ನಾನೇ ರೀ. ಆದ್ರ ನಿಮಗ ಬರೀತಿದ್ದಾಂವ ನಾನಲ್ಲ."

ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ನನ್ನ ಮಗಳು. ಹುಡುಗಿ ಅಂದ್ರ ಯಾರೂ ಕೇಳಂಗಿಲ್ಲ ಅಂತ ನನ್ನ ಹೆಸರು ಹಾಕಿದ್ಲು. ನನಗ ವಿಮಾನದ ಬಗ್ಗೆ ಏನೂ ಗೊತ್ತಿಲ್ಲ ರೀ. ತೆಲಿಗೆ ಏನೂ ಆಗಿಲ್ಲ, ಮೊದಲೇ ಗೊತ್ತಿರಲಿಲ್ಲ."

ಸಿದ್ದಾರ್ಥ್‌ಗೆ ಒಂದು ಗಳಿಗೆ ಖುಷಿಯೇ ಆಯಿತು. ಮುಖ ಅರಳಿತು. "ಮಗಳಾ? ಸಾರ್, ಅವರನ್ನ ಯಾಕೆ ಕರ್ಕೊಂಡು ಬರಲಿಲ್ಲ? ಎಲ್ಲಿದಾರೆ?"

ಮರೆವ್ವ ಹೇಳಿದಳು.

"ನವೆಂಬರದಾಗ ಡೆಂಗ್ಯೂ ಜ್ವರ ಬಂತಪ್ಪ. ವಾರದಾಗ ಹೋದ್ಲು. ಭಾಗ್ಯಶ್ರೀ ಅಂತ ಹೆಸರು."

ನರಸಿಂಹಯ್ಯನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ ಕೇಳಿದರು. "ಎಷ್ಟು ವಯಸ್ಸಮ್ಮ?"

"ಇಪ್ಪತ್ತು ತುಂಬಿರಲಿಲ್ಲ ರೀ."

"ಇಪ್ಪತ್ತು ತುಂಬಿರಲಿಲ್ಲ" ಅಂತ ಅವರೂ ಅಂದರು. "ಆ ಮಗು ಹತ್ರ ನಾನು ಜಗಳ ಕಾದಿದೀನಿ. ನನಗೆ ಬುದ್ಧಿ ಹೇಳ್ತಾ ಇತ್ತು ಕಣ್ರೀ. 'ನರಸಿಂಹಯ್ಯನವರೇ, ಈ ವಯಸ್ಸಿನಲ್ಲಿ ನಮಗೆ ಹಟ ಒಳ್ಳೆಯದಲ್ಲ' ಅಂತ ಬರೆದಿತ್ತು. ಈ ವಯಸ್ಸಿನಲ್ಲಿ! ನಮಗೆ!"

ಅವರು ನಗಲು ಹೋದರು. ನಗು ಅಳುವಾಯಿತು. ಮರೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ ನಾನು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದೆ.

ಸಿದ್ದಾರ್ಥ್ ನಮ್ಮ ಯಾರ ಮುಖವನ್ನೂ ನೋಡಲಾರದೆ ಫೋಟೋವನ್ನೇ ನೋಡುತ್ತಿದ್ದ. "ಇಬ್ಬರು" ಅಂತ ತನಗೆ ತಾನೇ ಅನ್ನುತ್ತಿದ್ದ. "ನಾವು ಒಬ್ಬರೇ ಅಂದ್ಕೊಂಡಿದ್ವಿ. ಲೇತ್ ಕೆಲಸದವರು, ಪುಸ್ತಕ ಓದೋರು, ಹಳೇ ಕಾಲದವರು. ಹೇಗೆ ಸೇರಿಸಿದ್ರೂ ಒಂದು ಕಡೆ ಹೊಂದ್ತಾ ಇರ್ಲಿಲ್ಲ. ಇಬ್ಬರಿದ್ರು." ಹೀಗೆ ಅನ್ನುತ್ತ ಅಂಗೈಯನ್ನು ಫೋಟೋದ ಮೇಲಿಟ್ಟು ಬಾಲ ಮುಚ್ಚಿದ. ಮೂಗು ನೋಡಿದ. ಕೈ ಈ ಕಡೆ ಸರಿಸಿ ಮೂಗು ಮುಚ್ಚಿದ. ಬಾಲ ನೋಡಿದ.

"ಸಾರ್" ಅಂದ. ದನಿ ಬೇರೆಯಾಗಿತ್ತು. "ಸಾರ್, ಒಂದ್ನಿಮಿಷ ಇಲ್ಲಿ ನೋಡಿ. ಈ ಬಾಲ ಇದರದ್ದಲ್ಲ."

ನರಸಿಂಹಯ್ಯನವರು ಕಣ್ಣೊರೆಸಿಕೊಂಡು ಭೂತಗನ್ನಡಿ ತೆಗೆದುಕೊಂಡರು.

"ಇದರ ಬಾಲ ಲಾರಿ ಹಿಂದೆ ಮುಚ್ಚಿಹೋಗಿದೆ. ಆ ಕಡೆ ಇನ್ನೊಂದು ನಿಂತಿದೆ ಸಾರ್, ಓರೆಯಾಗಿ. ಅದರ ಮೂಗು ಲಾರಿ ಹಿಂದೆ. ಟಾರ್ಪಾಲ್ ಮೇಲೆ ಚೂಪಾಗಿ ಕಾಣುತ್ತಲ್ಲ, ಏರಿಯಲ್ ಕಂಬ ಅಂದ್ಕೊಂಡಿದ್ವಲ್ಲ, ಅದು ರೆಕ್ಕೆ ತುದಿ!"

"ಮುಂದಿನದು ಪ್ರಾಕ್ಟರ್" ಅಂದರು ನರಸಿಂಹಯ್ಯನವರು. ಕೂಗಿಯೇಬಿಟ್ಟರು. "ಪ್ರಾಕ್ಟರ್ ಕಣೋ! ಇಷ್ಟು ಸುಲಭದ್ದು! ಹಿಂದಿನದು ಎಕ್ಸ್‌ಪೆಡಿಟರ್. ಎರಡು ಎಂಜಿನ್, ಎರಡು ಬಾಲ. ಅಯ್ಯೋ ದೇವರೇ, ಇಲ್ಲದ ವಿಮಾನಕ್ಕೆ ಒಂದು ವರ್ಷ ಹೆಸರು ಹುಡುಕಿದ್ವಾ!"

ಇನ್ನಿಬ್ಬರೂ ಎದ್ದು ಬಂದರು. ಒಬ್ಬರ ಮೇಲೊಬ್ಬರು ಬಗ್ಗಿ, ಕೈ ಇಟ್ಟು, ತೆಗೆದು, ಒಟ್ಟಿಗೇ ಮಾತಾಡಿದರು. ಆಮೇಲೆ ನಾವಿಬ್ಬರು ಅಲ್ಲಿರುವುದು ನೆನಪಾಗಿ ಎಲ್ಲರೂ ಒಮ್ಮೆಲೇ ಸುಮ್ಮನಾದರು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ನಿಂತರು.

ಮರೆವ್ವ ಸೆರಗು ಸರಿ ಮಾಡಿಕೊಂಡಳು. "ಸಿಕ್ತೇನ್ರಿ? ಹಂಗಾರ ಸುಮ್ಮಕ ಯಾಕ ನಿಂತ್ರಿ, ಬರೀರಿ."

ನರಸಿಂಹಯ್ಯನವರು ಫೋಟೋ ತಿರುಗಿಸಿ ಎರಡು ವಿಮಾನದ ಹೆಸರು ಬರೆದರು, ಸಿದ್ದಾರ್ಥನ ಹೆಸರು ಬರೆದರು. ಮೇಲೆ ಮೆಸೆಂಜರ್, ಕೊಟ್ರಪ್ಪ ಅಂತ ಮೊದಲೇ ಇತ್ತು. ಮೆಸೆಂಜರ್ ಅನ್ನುವುದರ ಮೇಲೆ ಗೆರೆ ಎಳೆಯಲು ಹೋಗಿ ತಡೆದರು. "ಇದು ತಪ್ಪಾಯ್ತಲ್ಲಮ್ಮ. ಬೇಕಾದ್ರೆ ಬಿಟ್ಟುಬಿಡ್ತೀನಿ. ಯಾಕೆ ಸುಮ್ಮನೆ."

"ಬಿಡಬ್ಯಾಡ್ರಿ" ಅಂದಳು ಮರೆವ್ವ. "ಗೆರಿ ಎಳೀರಿ. ತಪ್ಪಾದ್ರೂ ಆಕೀದು. ಆಕಿ ಹೆಸರು ಬರದು ಗೆರಿ ಎಳೀರಿ."

ಹಾಗೇ ಮಾಡಿ, ಕೆಳಗಿನ ಸಾಲಿನಲ್ಲಿ ಎರ್ಕೂಪ್, ಕೊಟ್ರಪ್ಪ ಅಂತ ಬರೆದರು. ಅದರ ಮೇಲೂ ಗೆರೆ ಎಳೆದರು. ಅಲ್ಲಿ ನನ್ನ ಸ್ವಂತದ್ದು ಅದೊಂದೇ.

30 ಮಾರ್ಚ್, ಭಾನುವಾರ

ಇಷ್ಟು ದಿನ ಬರೆಯಬೇಕು ಅನ್ನಿಸಿರಲಿಲ್ಲ.

ಬೆಳಿಗ್ಗೆ ಕಾಡುಗೋಡಿಗೆ ಹೋದೆವು. ನರಸಿಂಹಯ್ಯನವರು ಪೆಟ್ಟಿಗೆ ಬರಿದು ಮಾಡಿ ನನ್ನ ಹೆಸರಿರುವ ಫೋಟೋಗಳನ್ನೆಲ್ಲ ಬೇರೆ ಜೋಡಿಸಿಟ್ಟಿದ್ದರು. ಅರ್ಧ ಮೇಜು ತುಂಬಿತ್ತು. ನಾನು ಒಂದನ್ನು ತಿರುಗಿಸಿ ನನ್ನ ಹೆಸರು ಹೊಡೆದುಹಾಕಲು ಪೆನ್ನು ತೆಗೆದೆ. ಅವರು ಕೈ ಹಿಡಿದರು.

"ಯಾಕ್ರೀ ಹೊಡೆದು ಹಾಕ್ತೀರಿ? ಹೆಸರಿನ ಎಡಕ್ಕೆ ಜಾಗ ಇದೆ ನೋಡಿ. ಅವಳ ಹೆಸರು ಬರೀರಿ, ನಿಮ್ಮದು ಇರಲಿ. ಶಾಲೆಯಲ್ಲಿ ಹಾಗೇ ತಾನೇ ಬರೆಸಿರೋದು?"

ಹೌದು. ಹಾಗೇ ಬರೆಸಿದ್ದೆ. ದೊಡ್ಡನೆಕ್ಕುಂದಿಯ ಸರ್ಕಾರಿ ಶಾಲೆಯಲ್ಲಿ ಮೇಡಂ ಕೇಳಿದಾಗ ಮರೆವ್ವನ ಸೊಂಟದ ಮೇಲೆ ಕೂತು ಮಗಳೇ ತನ್ನ ಪೂರ್ತಿ ಹೆಸರು ಗಟ್ಟಿಯಾಗಿ ಹೇಳಿದ್ದಳು.

ಬರೆಯತೊಡಗಿದೆ. ಕೆಲವು ಕಡೆ ಜಾಗ ಸಾಲದೆ ಅಕ್ಷರ ಸಣ್ಣ ಮಾಡಬೇಕಾಯಿತು. ಪ್ರತಿಯೊಂದನ್ನೂ ಒಮ್ಮೆ ಮುಂಬದಿಗೆ ತಿರುಗಿಸಿ ವಿಮಾನ ನೋಡಿದೆ. ಚಕ್ರ, ಆಮೇಲೆ ಕಿಟಕಿ. ಒಂದು ನೀರಿನ ಮೇಲೆ ಇಳಿಯುವಂಥದ್ದು, ದೋಣಿಯ ಹೊಟ್ಟೆ. ಒಂದಕ್ಕೆ ಬಟ್ಟೆಯ ರೆಕ್ಕೆ, ಹೊಲಿಗೆಯೂ ಕಾಣುತ್ತದೆ. ಸಿದ್ದಾರ್ಥ್ ಪಕ್ಕದಲ್ಲಿ ಕೂತು, ಇದಕ್ಕೆ ಅವರು ಹೀಗಂದಿದ್ರು, ಅದಕ್ಕೆ ಹೀಗೆ ಬೈದಿದ್ರು ಅಂತ ಹೇಳುತ್ತಿದ್ದ. ಮೊದಲು ಸಾರ್ ಅನ್ನುತ್ತಿದ್ದ ಅವಳಿಗೆ. ಮಧ್ಯಾಹ್ನದ ಹೊತ್ತಿಗೆ ಭಾಗ್ಯ ಅಂದ.

ಬರೆದದ್ದನ್ನು ನಾನು ಮರೆವ್ವನ ಕೈಗೆ ಕೊಡುತ್ತಿದ್ದೆ. ಅವಳು ಶಾಯಿ ಆರುವವರೆಗೆ ಊದಿ, ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿ, ಪೆಟ್ಟಿಗೆಯಲ್ಲಿ ಇಡುತ್ತಿದ್ದಳು.

"ಭಾಗ್ಯಶ್ರೀ ಕೊಟ್ರಪ್ಪ" ಅಂದಳು. ಇಟ್ಟಳು. ಇನ್ನೊಂದು ಕೊಟ್ಟೆ. "ಭಾಗ್ಯಶ್ರೀ ಕೊಟ್ರಪ್ಪ."